ಅತ್ತೆಯವರ ಮಣಿಮಗ್ಗ

ಮಗ್ಗವೆಂದೊಡನೆ ಉತ್ತರ ಕರ್ನಾಟಕದ ಕಡೆಯವರಾದ ನಮ್ಮ ಕಣ್ಣೆದುರಿಗೆ ಬರುವುದು ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಸುಕಿನಿಂದಲೇ ಕೇಳಿಬರುತ್ತಿದ್ದ ಲಾಳಿಯ ಸದ್ದು. ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವ ಆ ಮಗ್ಗಕ್ಕೆ ಮನೆಯ ಒಂದು ಅಂಕಣವೇ ಬೇಕು. ನಾನಿಲ್ಲಿ ಹೇಳಹೊರಟಿರುವ ಮಗ್ಗವಾದರೋ ಮಡಿಲಿನ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕದು. ಅದಕ್ಕೆ ಲಾಳಿಯಿಲ್ಲ, ತುಳಿಮಣೆಯಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಒಂದು ಚೌಕಟ್ಟು, ಅದರ ಎರಡು ತುದಿಗಳ ನಡುವೆ ಬಿಗಿದ ಹತ್ತಿಪ್ಪತ್ತು ಎಳೆ ದಾರ, ಒಂದು ಉದ್ದನೆಯ ಸೂಜಿ, ಸಾಸಿವೆಗಿಂತ ತುಸು ದಪ್ಪನಾದ ಗಾಜಿನ ಮಣಿಗಳು; ಇಷ್ಟಿದ್ದರೆ ಸಾಕು. ಅದರಲ್ಲಿ ನೇಯುವುದು ಬಟ್ಟೆಯನ್ನಲ್ಲ, ಕೊರಳಪಟ್ಟಿ, ಕೈಪಟ್ಟಿ, ತೋಳಬಂದಿಗಳನ್ನು. ನಮ್ಮ ಮನೆಯಲ್ಲಿ ಇದಕ್ಕೆ ಮಣಿಮಗ್ಗವೆಂಬ ಹೆಸರು ನಿಂತಿದೆ.

ಇದು ನಮ್ಮ ಮನೆಗೆ ಬಂದುದು ನನಗಾಗಿ ಅಲ್ಲ, ಅತ್ತೆಯವರಿಗಾಗಿ. ಅವರು ಧಾರವಾಡದ ಕಡೆಯವರು. ಮಾವನವರು ಲಿಂಗೈಕ್ಯರಾದ ಮೇಲೆ 2019ರಲ್ಲಿ ಬನಶಂಕರಿ ಎರಡನೆಯ ಹಂತದ ನಮ್ಮ ಮನೆಗೆ ಬಂದರು. ಊರಿನಲ್ಲಿ ಅವರ ಕಸೂತಿ ಎಂದರೆ ಹೆಸರುವಾಸಿ. ಮದುಮಗಳಿಗೆ ಕೊಡುವ ಚಂದ್ರಕಾಳಿ ಸೀರೆಯ ಸೆರಗಿಗೆ ತೇರು, ಗೋಪುರ, ಆನೆಗಳನ್ನು ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸಿಯೇ ತೆಗೆಯುತ್ತಿದ್ದವರು. ಬೆಂಗಳೂರಿಗೆ ಬಂದ ಮರುವರ್ಷ ಎರಡೂ ಕಣ್ಣುಗಳ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ದೂರದ ದೃಷ್ಟಿ ತಿಳಿಯಾಯಿತು. ಆದರೆ ಬಟ್ಟೆಯ ಎಳೆ ಎಣಿಸುವ ದೃಷ್ಟಿ ಹಿಂದಿರುಗಲಿಲ್ಲ. ಬೆಳಗಿನ ಇಷ್ಟಲಿಂಗಪೂಜೆ ಮುಗಿದ ಮೇಲೆ ಅವರಿಗೆ ಇಡೀ ಹಗಲು ಬರಿದಾಗಿ ಉಳಿಯುತ್ತಿತ್ತು. ಅಡುಗೆಗೆ ಕೈಹಾಕಬೇಡಿರೆಂದು ನಾವೇ ತಡೆಯುತ್ತಿದ್ದೆವು. ಒಂದು ಮಧ್ಯಾಹ್ನ ಅವರು ನನ್ನೊಡನೆ, "ಹೊತ್ತು ಹೋಗೂದಿಲ್ಲ ಅನ್ನೋದಲ್ಲ ತಂಗಿ, ಕೈಗೆ ಕೆಲಸಿಲ್ಲಂದ್ರ ನಾ ಯಾಕ ಅದೇನಿ ಅನಸತೈತಿ" ಎಂದರು. ದೂರದರ್ಶನದ ಸದ್ದನ್ನು ತುಸು ತಗ್ಗಿಸುವುದರ ಹೊರತು ನನಗೆ ಆಗ ಉತ್ತರ ತೋಚಲಿಲ್ಲ.

ಮೊದಲ ಮಗ್ಗವನ್ನು ಸಂಬಂಧಿಕರೊಬ್ಬರು ಉಡುಗೊರೆಯಾಗಿ ತಂದುಕೊಟ್ಟರು. ಅದು ಬಾಗಿಸಿದ ಕಬ್ಬಿಣದ ತಂತಿಯದು, ಒಂದು ಗೇಣಿಗಿಂತ ತುಸು ಉದ್ದ. ಎರಡು ತುದಿಗೆ ಮರದ ಉರುಳೆ, ಅದರ ಮುಂದೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯಲು ಸುರುಳಿ ಕಂಬಿ. ಮಕ್ಕಳ ಆಟಿಕೆಯ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಈ ಬಗೆಯೇ. ನೋಡಲು ಅಚ್ಚುಕಟ್ಟು, ಕೆಲಸಕ್ಕೆ ಕೂತಾಗ ಅದರ ಗುಣ ತಿಳಿಯಿತು. ಹತ್ತನೆಯ ಎಳೆಯನ್ನು ಬಿಗಿಯುವಷ್ಟರಲ್ಲಿ ತಂತಿ ಒಳಕ್ಕೆ ಬಾಗಿ ಮೊದಲ ಎಳೆ ಸಡಿಲವಾಗುತ್ತಿತ್ತು. ಉರುಳೆಯ ತಿರುಪು ಜಾರುತ್ತಿತ್ತು. ಸೂಜಿಯನ್ನು ಎಳೆದರೆ ಮಗ್ಗವೇ ಎದ್ದು ಬರುತ್ತಿತ್ತು. ಅತ್ತೆಯವರು ಎರಡು ದಿನ ಅದರೊಡನೆ ಸೆಣಸಿ, ಇದು ತಮ್ಮ ಕೈಯ ದೋಷವಲ್ಲವೆಂದು ತೀರ್ಮಾನಿಸಿ, ಪಕ್ಕಕ್ಕಿಟ್ಟರು.

ಮಣಿಮಗ್ಗದ ಗುಟ್ಟೆಲ್ಲ ಎಳೆಯ ಬಿಗಿಯಲ್ಲಿದೆ. ನೇಯುವ ರೀತಿಯನ್ನು ತಿಳಿದರೆ ಕಾರಣ ಸ್ಪಷ್ಟವಾಗುತ್ತದೆ. ಉದ್ದುದ್ದನೆಯ ಎಳೆಗಳು ಹಾಸು. ಪಟ್ಟಿಯ ಅಗಲದಲ್ಲಿ ಎಷ್ಟು ಮಣಿಗಳು ಬೇಕೋ ಅದಕ್ಕಿಂತ ಒಂದು ಎಳೆ ಹೆಚ್ಚು ಹಾಸಬೇಕು; 15 ಮಣಿಗಳ ಪಟ್ಟಿಗೆ 16 ಎಳೆ. ಸೂಜಿಯ ದಾರವೇ ಹೊಕ್ಕು. ಅದನ್ನು ಅಂಚಿನ ಎಳೆಗೆ ಗಂಟುಹಾಕಿ, ಒಂದು ಸಾಲಿನ 15 ಮಣಿಗಳನ್ನೂ ಸೂಜಿಗೆ ಪೋಣಿಸಿ, ಹಾಸಿನ ಕೆಳಗೆ ಅಡ್ಡಲಾಗಿ ತರಬೇಕು. ಆಮೇಲೆ ಎಡಗೈಯ ತೋರುಬೆರಳಿನಿಂದ ಮಣಿಗಳನ್ನು ಕೆಳಗಿನಿಂದ ಮೇಲಕ್ಕೆ ಒತ್ತಿದರೆ ಎರಡೆರಡು ಎಳೆಗಳ ನಡುವಿನ ಸಂದಿನಲ್ಲಿ ಒಂದೊಂದು ಮಣಿ ಬಂದು ಕೂರುತ್ತದೆ. ಹಾಗೆ ಒತ್ತಿಹಿಡಿದಿರುವಾಗಲೇ ಸೂಜಿಯನ್ನು ಅದೇ ಮಣಿಗಳ ತೂತಿನಲ್ಲಿ ಹಿಂದಕ್ಕೆ ತರಬೇಕು. ಈ ಸಲ ಅದು ಹಾಸಿನ ಎಳೆಗಳ ಮೇಲೆ ಹಾಯಬೇಕು. ಹೀಗೆ ಪ್ರತಿ ಎಳೆಯೂ ಕೆಳಗೊಂದು, ಮೇಲೊಂದು ಹೊಕ್ಕಿನ ನಡುವೆ ಸಿಕ್ಕಿಬೀಳುತ್ತದೆ, ಮಣಿ ಕದಲುವುದಿಲ್ಲ. ಸೂಜಿ ಒಂದೇ ಒಂದು ಎಳೆಯ ಕೆಳಗೆ ನುಸುಳಿದರೂ ಅಲ್ಲಿಯ ಮಣಿ ಜೋತುಬೀಳುತ್ತದೆ. ಎಳೆಗಳು ಸಡಿಲವಿದ್ದರೆ ಈ ತಪ್ಪು ಸಾಲುಸಾಲಿಗೂ ಆಗುವುದು ಖಂಡಿತ. ಮಾತಿನಲ್ಲಿ ಹಾಸುಹೊಕ್ಕು ಎಂಬ ಪದವನ್ನು ನಾವು ದಿನವೂ ಬಳಸುತ್ತೇವೆ. ಅದು ಹೇಗಿರುತ್ತದೆಂಬುದನ್ನು ನಾನು ಕಣ್ಣಾರೆ ಕಂಡುದು ಈ ಪುಟ್ಟ ಚೌಕಟ್ಟಿನಲ್ಲಿ.

ಹೀಗಾಗಿ ಎರಡನೆಯ ಮಗ್ಗವನ್ನು ಅಂಗಡಿಯಿಂದ ತರಲಿಲ್ಲ, ನಮ್ಮ ರಸ್ತೆಯ ಬಡಗಿಯಿಂದ ಮಾಡಿಸಿದೆವು. ಬಾಗಿಲಿಗೆ ಕೊಯ್ದು ಉಳಿದಿದ್ದ ತೇಗದ ತುಂಡಿನಿಂದ 24 ಅಂಗುಲ ಉದ್ದ, 5 ಅಂಗುಲ ಅಗಲದ ಒಂದು ಮಣೆ. ಅದರ ಎರಡು ತುದಿಗೆ 3 ಅಂಗುಲ ಎತ್ತರದ ನಿಲುವು ಹಲಗೆ. ಆ ಹಲಗೆಗಳ ನೆತ್ತಿಗೆ ಸಣ್ಣ ಹಲ್ಲಿನ ಬಾಚಣಿಗೆಯ ತುಂಡು. ಹೊರಬದಿಗೆ ಎಳೆಯನ್ನು ಸುತ್ತಲು ಎರಡೆರಡು ತಿರುಪು ಮೊಳೆ. ಬಾಚಣಿಗೆಯ ಹಲ್ಲುಗಳ ನಡುವಿನ ಅಂತರ ಮಣಿಯ ಅಗಲಕ್ಕೆ ಹೆಚ್ಚುಕಡಿಮೆ ಹೊಂದಿದರೆ ಸಾಕು, ಮೊದಲ ನಾಲ್ಕು ಸಾಲು ನೇಯ್ದ ಮೇಲೆ ಮಣಿಗಳೇ ಎಳೆಗಳನ್ನು ತಮ್ಮ ಸ್ಥಾನಕ್ಕೆ ತಂದುಕೊಳ್ಳುತ್ತವೆ. ಮಣೆ ಭಾರವಾಗಿರುವುದರಿಂದ ಮಡಿಲಿನಲ್ಲಿ ಅಲುಗುವುದಿಲ್ಲ. 3 ಅಂಗುಲದ ಎತ್ತರವಿರುವುದರಿಂದ ಹಾಸಿನ ಕೆಳಗೆ ಬೆರಳು ಸರಾಗವಾಗಿ ಆಡುತ್ತದೆ. ಎಳೆ ಬಿಗಿದ ಮೇಲೆ ಅತ್ತೆಯವರು ಏಕತಾರಿಯನ್ನು ಮೀಟುವಂತೆ ಒಂದೊಂದನ್ನೂ ಮೀಟಿ ನೋಡುತ್ತಾರೆ. ಎಲ್ಲವೂ ಒಂದೇ ಸ್ವರ ಹೊರಡಿಸುವವರೆಗೆ ಮುಂದುವರಿಯುವುದಿಲ್ಲ. ಕೊಳ್ಳುವವರೂ ಅಂಗಡಿಯಲ್ಲೇ ನಾಲ್ಕು ಎಳೆ ಬಿಗಿದು ಈ ಪರೀಕ್ಷೆ ಮಾಡಬಹುದು. ಬಣ್ಣ, ಪೆಟ್ಟಿಗೆ, ಜೊತೆಗೆ ಕೊಡುವ ಮಣಿಗಳ ಪೊಟ್ಟಣ ಇವು ಯಾವುವೂ ಲೆಕ್ಕಕ್ಕಿಲ್ಲ.

ಉದ್ದದ ವಿಷಯವನ್ನೂ ಹೇಳಬೇಕು. 12 ಅಂಗುಲದ ಕೊರಳಪಟ್ಟಿಗೆ 12 ಅಂಗುಲದ ಮಗ್ಗ ಸಾಲದು. ನೇಯ್ಗೆ ಮುಗಿದ ಮೇಲೆ ಹಾಸಿನ ತುದಿಗಳನ್ನು ಮಣಿಗಳೊಳಗೆ ಹಿಂದಕ್ಕೆ ಹೊಲಿದು ಅಡಗಿಸಲು ಎರಡೂ ಕಡೆ ಕನಿಷ್ಠ ಆರಾರು ಅಂಗುಲ ದಾರ ಮಿಗಬೇಕು. ಡಾಬಿನಂತಹ ಸೊಂಟಪಟ್ಟಿ ನೇಯಬೇಕೆನ್ನುವವರಿಗೆ ಉರುಳೆಯುಳ್ಳ ಮಗ್ಗವೇ ಬೇಕು. ಆದರೆ ಅದರ ಚೌಕಟ್ಟು ಗಟ್ಟಿಮರದ್ದಾಗಿರಲಿ. ವಿದೇಶಗಳಲ್ಲಿ ಲೋಹದ ದೊಡ್ಡ ಮಗ್ಗಗಳಿವೆ, ಹಿಡಿಕೆ ತಿರುಗಿಸಿದರೆ ಎಳೆಗಳು ಸರದಿಯಂತೆ ಮೇಲೇಳುತ್ತವೆ. ಮನೆಯ ಕೆಲಸಕ್ಕೆ ಅವು ಅತಿಯಾದವು ಎಂದೇ ನನ್ನ ಅಭಿಪ್ರಾಯ. ಉತ್ತರ ಅಮೆರಿಕದ ಮೂಲನಿವಾಸಿ ಹೆಂಗಸರು ಒಂದು ಬಳುಕುವ ಕೋಲನ್ನು ಬಿಲ್ಲಿನಂತೆ ಬಾಗಿಸಿ, ಎರಡು ತುದಿಗೆ ಎಳೆಗಳನ್ನು ಬಿಗಿದು, ನಡುವೆ ತೂತುಗಳುಳ್ಳ ತೊಗಲಿನ ತುಂಡನ್ನಿಟ್ಟು ಅದ್ಭುತವಾದ ಪಟ್ಟಿಗಳನ್ನು ನೇಯ್ದಿದ್ದಾರೆ. ಬಿಲ್ಲು ತಾನಾಗಿಯೇ ಎಳೆಯನ್ನು ಬಿಗಿಯಾಗಿಡುತ್ತದೆ ಎಂಬುದೇ ಅದರ ಜಾಣ್ಮೆ.

ಮಣಿಗಾಗಿ ನಾವು ಹೋಗುವುದು ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೆ. ಹಿಂದೆ ಅದು ಅರ್ಧ ದಿನದ ಪ್ರಯಾಣ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ನೇರವಾದ ಮೇಲೆ ಬನಶಂಕರಿಯಲ್ಲಿ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರಾಯಿತು. ಮಣಿಯ ಗಾತ್ರಕ್ಕೆ ಸಂಖ್ಯೆಗಳಿವೆ, ಸಂಖ್ಯೆ ಹೆಚ್ಚಿದಷ್ಟೂ ಮಣಿ ಚಿಕ್ಕದು. 11ರ ಮಣಿ ಸುಮಾರು 2 ಮಿಲಿಮೀಟರ್, 8ರದು ಸುಮಾರು 3. ಸಾಮಾನ್ಯವಾಗಿ ಎಲ್ಲರೂ 11ರಿಂದ ಆರಂಭಿಸಲು ಹೇಳುತ್ತಾರೆ. ನಾವು 8ನ್ನು ಆರಿಸಿಕೊಂಡೆವು, ಏಕೆಂದರೆ ಅತ್ತೆಯವರ ಕಣ್ಣಿಗೆ ಕಂಡುದು ಅದೇ. ಆ ಒಂದು ಮಿಲಿಮೀಟರಿನ ಅಂತರದಲ್ಲಿ ಅವರ ಹಗಲುಗಳು ಅವರಿಗೆ ಮರಳಿ ಬಂದವು ಎಂದರೆ ಅತಿಶಯೋಕ್ತಿಯಲ್ಲ. ಜಪಾನಿನ ಹಿರೋಶಿಮಾ ಪ್ರಾಂತ್ಯದಲ್ಲಿ ತಯಾರಾಗುವ ಮಣಿಗಳು ಅಚ್ಚಿನಲ್ಲಿ ಎರೆದಂತೆ ಸಮನಾಗಿರುತ್ತವೆ, ಬೆಲೆಯೂ ಹಾಗೆಯೇ ಇರುತ್ತದೆ. ಉತ್ತರ ಪ್ರದೇಶದ ಪುರ್ದಿಲ್‌ನಗರದಂತಹ ಊರುಗಳಿಂದ ಬರುವ ನಮ್ಮ ದೇಶದ ಮಣಿಗಳು ಅಗ್ಗ. ಆದರೆ ಒಂದು ದಪ್ಪ, ಒಂದು ತೆಳು. ಅವನ್ನು ಹಾಗೆಯೇ ನೇಯ್ದರೆ ಪಟ್ಟಿ ಹಾವಿನಂತೆ ಡೊಂಕಾಗುತ್ತದೆ. ಅತ್ತೆಯವರು ಬಿಳಿಯ ಬಟ್ಟೆ ಹಾಸಿದ ತಟ್ಟೆಯಲ್ಲಿ ಮಣಿಗಳನ್ನು ಸುರಿದು, ಅಕ್ಕಿ ಆರಿಸುವಂತೆ ಆರಿಸುತ್ತಾರೆ. ದಪ್ಪನೆಯವು ಒಂದು ಬಟ್ಟಲಿಗೆ, ತೆಳುವಾದವು ಇನ್ನೊಂದಕ್ಕೆ, ತೂತು ಮುಚ್ಚಿದವು ಕಸಕ್ಕೆ. ತೆಳುವಾದವೂ ವ್ಯರ್ಥವಾಗುವುದಿಲ್ಲ, ಪಟ್ಟಿಯ ತುದಿಯನ್ನು ಕಿರಿದುಗೊಳಿಸುವಾಗ ಅವೇ ಬೇಕು. ದಾರ ಮಾತ್ರ ಹತ್ತಿಯದಾಗಿರಬಾರದು. ಗಾಜಿನ ಅಂಚಿಗೆ ಉಜ್ಜಿ ಅದು ಬೇಗನೆ ನವೆಯುತ್ತದೆ. ಮಣಿ ಕೆಲಸಕ್ಕೆಂದೇ ಬರುವ ನೈಲಾನ್ ದಾರವನ್ನು ಮೊದಲು ಕೈಯಿಂದ ಚೆನ್ನಾಗಿ ಜಗ್ಗಿ ಆಮೇಲೆ ಹಾಸಬೇಕು. ಜಗ್ಗದೆ ಹಾಸಿದರೆ ಆಭರಣ ತೊಟ್ಟ ಮೇಲೆ ಜೋಲುತ್ತದೆ.

ಇನ್ನು ವಿನ್ಯಾಸ. ಇಲ್ಲಿಯೇ ಅತ್ತೆಯವರ ಕಸೂತಿ ಕೆಲಸಕ್ಕೆ ಬಂದಿತು, ಆದರೆ ನಾನು ಎಣಿಸಿದಂತೆ ಅಲ್ಲ. ಎರಡರಲ್ಲಿಯೂ ಎಣಿಕೆಯೇ ಪ್ರಧಾನವಾದುದರಿಂದ ಸೀರೆಯ ಮೇಲಿನದನ್ನು ಹಾಗೆಯೇ ಮಣಿಗೆ ಇಳಿಸಬಹುದೆಂದು ನನ್ನ ಊಹೆಯಾಗಿತ್ತು. ಅವರು ಒಂದು ಗಳಿಗೆ ಯೋಚಿಸಿ ತಲೆಯಾಡಿಸಿದರು. ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿ, ಮುರ್ಗಿಗಳು ಗೆರೆಯ ಹೊಲಿಗೆಗಳು, ಎಳೆಗಳ ಅಂಚಿನಲ್ಲಿ ಓಡುತ್ತವೆ. ಮಣಿಯಾದರೋ ಗೆರೆಯಲ್ಲ, ಮನೆ ತುಂಬುವ ಚುಕ್ಕೆ. ಗವಂತಿಯ ನವಿರಾದ ಓರೆಗೆರೆಯನ್ನು ಮಣಿಗೆ ಇಳಿಸಿದರೆ ಮೆಟ್ಟಿಲಿನಂತಾಗಿ ಮೊದಲ ಅಂದ ಕೆಡುತ್ತದೆ. ಮೆಂತಿ ಹೊಲಿಗೆಯ ಒಂದು ಕತ್ತರಿ ಗುರುತು ಒಂದು ಮಣಿಗೆ ಸರಿಸಮ. ಆದ್ದರಿಂದ ಮೆಂತಿಯಲ್ಲಿ ತೆಗೆದುದೆಲ್ಲ ಮಣಿಯಲ್ಲಿ ಬರುತ್ತದೆ, ಹೆಸರಿನಲ್ಲಿಯೇ ನೇಯ್ಗೆಯನ್ನು ಇಟ್ಟುಕೊಂಡಿರುವ ನೇಗಿಯೂ ಸಾಕಷ್ಟು ಬರುತ್ತದೆ. ಇದನ್ನು ಯಾವ ಪುಸ್ತಕದಿಂದಲೂ ಓದದೆ ಅವರು ಕೈಯಿಂದಲೇ ಕಂಡುಕೊಂಡರು.

ಇನ್ನೊಂದು ತೊಡಕಿದೆ. ಮಗ್ಗದಲ್ಲಿ ಕೂತ ಮಣಿಯ ಅಗಲ ಕಡಿಮೆ, ಎತ್ತರ ಹೆಚ್ಚು. ಚೌಕುಳಿ ಕಾಗದದ ಮೇಲೆ ಬರೆದುಕೊಂಡ ವಿನ್ಯಾಸ ನೇಯ್ಗೆಯಲ್ಲಿ ಪಟ್ಟಿಯ ಉದ್ದಕ್ಕೆ ಎಳೆದಂತಾಗುತ್ತದೆ. ಪಟ್ಟಿಯ ಉದ್ದಕ್ಕೆ ನಿಲ್ಲಿಸಿದ ಗೋಪುರಕ್ಕೆ ಇದು ಲಾಭವೇ, ಇನ್ನಷ್ಟು ಎತ್ತರವಾಗಿ ಕಾಣುತ್ತದೆ. ತೇರಿನ ಗಾಲಿ ಮಾತ್ರ ಕೋಳಿಮೊಟ್ಟೆಯಾಗುತ್ತದೆ. ಅದಕ್ಕಾಗಿ ಗಾಲಿಯ ಎತ್ತರದಲ್ಲಿ ಎರಡು ಮೂರು ಸಾಲುಗಳನ್ನು ಕಡಿಮೆ ಮಾಡಿ, ಕಾಗದದ ಮೇಲೆ ಚಪ್ಪಟೆಯಾಗಿ ಬರೆದುಕೊಳ್ಳಬೇಕು. ಆಗ ಮಗ್ಗದಲ್ಲಿ ದುಂಡಗಾಗುತ್ತದೆ. ನಮ್ಮ ಮನೆಯ ಚೌಕುಳಿ ಪುಸ್ತಕದಲ್ಲಿರುವ ತೇರುಗಳನ್ನೆಲ್ಲ ಯಾರೋ ಮೇಲಿನಿಂದ ಅದುಮಿದಂತೆ ಕಾಣುತ್ತದೆ, ನೋಡಿದವರು ನಗುತ್ತಾರೆ.

ಮಣಿಯ ಆಭರಣಕ್ಕೆಲ್ಲ ಮಗ್ಗ ಬೇಕೆಂದು ಯಾರೂ ತಿಳಿಯಬಾರದು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗ ಹೆಂಗಸರ ಕೊರಳನ್ನು ನೋಡಿ. ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ಗಿಡಗಳ ತಾಯಿ ತುಳಸಿ ಗೌಡರು 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ಹೋಗಿ ಅದೇ ಪ್ರಶಸ್ತಿಯನ್ನು ಸ್ವೀಕರಿಸಿದಾಗ, ದೇಶವೇ ಆ ಮಣಿಸರಗಳ ರಾಶಿಯನ್ನು ಬೆರಗಿನಿಂದ ನೋಡಿತು. ಅವು ಪೋಣಿಸಿದ ಸರಗಳು. ಸರದ ಮೇಲೆ ಸರ ಬಿದ್ದು ಕೊರಳು ತುಂಬುತ್ತದೆ. ಅದಕ್ಕೆ ಸೂಜಿ, ದಾರ, ತಾಳ್ಮೆ ಇದ್ದರೆ ಸಾಕು. ಚಪ್ಪಟೆಯಾದ ಪಟ್ಟಿಯಲ್ಲಿ ಚಿತ್ರ ಮೂಡಬೇಕೆಂದಾಗ ಮಾತ್ರ ಮಗ್ಗದ ಪ್ರಶ್ನೆ ಏಳುತ್ತದೆ.

ನೆರೆಮನೆಯ ಶರಣೆಯೊಬ್ಬರು ಶಿವದಾರವನ್ನು ಮಣಿಯಿಂದ ನೇಯ್ದುಕೊಡಲು ಕೇಳಿದ್ದುಂಟು. ಅತ್ತೆಯವರು ಒಪ್ಪಲಿಲ್ಲ. ಶಾಸ್ತ್ರವನ್ನು ಮುಂದಿಡಲಿಲ್ಲ, ಗಾಜು ಯಾವತ್ತಾದರೂ ದಾರವನ್ನು ಕೊಯ್ಯುತ್ತದೆ, ಕೈಪಟ್ಟಿ ಹರಿದರೆ ಮಣಿ ಚೆಲ್ಲಬಹುದು, ಶಿವದಾರ ಹರಿದರೆ ಬೀಳುವುದು ಏನು ಎಂದಷ್ಟೇ ಕೇಳಿದರು. ಕರಡಿಗೆಗೆ ಹತ್ತಿಯ ಹುರಿದಾರವೇ ಲೇಸೆಂದು ಹೇಳಿ, ಆ ತಾಯಿಗೆ ತಮ್ಮ ಕೈಯಿಂದಲೇ ಒಂದನ್ನು ಹೊಸೆದುಕೊಟ್ಟರು.

ಈಗ ಹೇಳಲು ತುಸು ಕಷ್ಟವೆನಿಸುವ ಪ್ರಸಂಗಕ್ಕೆ ಬರುತ್ತೇನೆ. 2023ರಲ್ಲಿ ನನ್ನ ನಾದಿನಿಯ ಮಗಳ ಮದುವೆ ಗೊತ್ತಾಯಿತು. ಆ ಹುಡುಗಿ ಅಜ್ಜಿಯ ಕೈಯ ಕೊರಳಪಟ್ಟಿಯೊಂದನ್ನು ಧಾರೆಯ ಹೊತ್ತಿಗೆ ತೊಡುವೆನೆಂದು ಹಟ ಹಿಡಿದಳು. ಅತ್ತೆಯವರು ಹನ್ನೆರಡು ದಿನ ಕೂತು ಕೆಂಪು ನೆಲದ ಮೇಲೆ ಹೊನ್ನಿನ ಬಣ್ಣದ ಗೋಪುರಗಳನ್ನು ನೇಯ್ದರು. ಹಿಂಬದಿಗೆ ತಮ್ಮ ಹಳೆಯ ಖಣದ ತುಂಡನ್ನು ಹೊಲಿದರು. ಮದುವೆಯ ಮುನ್ನಾದಿನ ಮನೆಯ ಹಿರಿಯರೊಬ್ಬರು ಅದನ್ನು ಕೈಯಲ್ಲಿ ಹಿಡಿದು ಹೊಗಳಿದರು. ಯಾರು ನೇಯ್ದದ್ದೆಂದು ತಿಳಿದಾಗ ಮೆಲ್ಲಗೆ ಕೆಳಗಿಟ್ಟು, "ಚಂದ ಐತಿ, ಆದರ ಗಂಡನ್ನ ಕಳಕೊಂಡಾಕಿ ಕೈಲೆ ಮಾಡಿದ್ದು ಮದುಮಗಳ ಕೊರಳಿಗೆ ಬ್ಯಾಡ. ಆರತಕ್ಷತೆಗೆ ಹಾಕ್ಕೊಳ್ಳಲಿ" ಎಂದರು. ಅತ್ತೆಯವರು ಮರುಮಾತಾಡದೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. ಅವರ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳು ಇನ್ನೂ ಮಾಸಿರಲಿಲ್ಲ.

ನಮ್ಮದು ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಇವಾವುವೂ ಲಿಂಗವಂತರನ್ನು ಮೈಲಿಗೆಗೊಳಿಸವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದವರ ಮಕ್ಕಳು ನಾವು. ನೂಲುವ ಕದಿರ ರೆಮ್ಮವ್ವೆಯವರನ್ನೂ ನೇಯುವ ಜೇಡರ ದಾಸಿಮಯ್ಯನವರನ್ನೂ ಶರಣರೆಂದು ಕೊಂಡಾಡುತ್ತೇವೆ. ಬಸವ ಜಯಂತಿಯ ದಿನ ಮಕ್ಕಳಿಂದ ವಚನಗಳನ್ನು ಹೇಳಿಸುತ್ತೇವೆ. ಹಾಗಿದ್ದೂ ಅರಿಸಿನ ಕುಂಕುಮ ಕೊಡುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಎಷ್ಟು ತಾಯಂದಿರು ತಾವಾಗಿಯೇ ಕಂಬದ ಮರೆಗೆ ಸರಿಯುತ್ತಾರೆ! ಯಾರೂ ಅವರಿಗೆ ಸರಿಯಲು ಹೇಳುವುದಿಲ್ಲ, ನಿಲ್ಲಲೂ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಮದುಮಗಳು ಅಲಂಕಾರ ಮುಗಿಸಿ, ಬರಿಗೊರಳಿನಲ್ಲಿ ಅಜ್ಜಿಯಿದ್ದ ಕೋಣೆಗೆ ಬಂದಳು. ಪೆಟ್ಟಿಗೆಯನ್ನು ತೆರೆದು ಪಟ್ಟಿಯನ್ನು ಅಜ್ಜಿಯ ಕೈಗೆ ಕೊಟ್ಟು, ಅವರೆದುರು ಬೆನ್ನು ತಿರುಗಿಸಿ ಕುಳಿತುಬಿಟ್ಟಳು. ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹಣೆಯ ವಿಭೂತಿಯನ್ನು ಮುಟ್ಟಿಕೊಂಡು ಕೊಕ್ಕೆ ಹಾಕಿದರು. ಧಾರೆಯ ಹೊತ್ತಿಗೆ ಆ ಹಿರಿಯರೂ ಅಕ್ಷತೆ ಹಾಕಿದರು. ಕೊರಳಪಟ್ಟಿಯ ಮಾತನ್ನು ಅಂದೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ. ಮದುಮಗಳು ಈಗ ಮೈಸೂರಿನಲ್ಲಿ ಸುಖವಾಗಿದ್ದಾಳೆ.

ಆ ಮದುವೆಯಲ್ಲಿ ಪಟ್ಟಿಯನ್ನು ಕಂಡ ಕೆಲವರು ತಮಗೂ ಬೇಕೆಂದರು. ಆಗ ಬೆಲೆಯ ಪ್ರಶ್ನೆ ಎದ್ದಿತು. 15 ಮಣಿ ಅಗಲ, 100 ಸಾಲು ಉದ್ದದ ಪಟ್ಟಿಗೆ 1,500 ಮಣಿಗಳು ಬೇಕು, ತೂಕ ಸುಮಾರು 40 ಗ್ರಾಂ. ಮಣಿ, ದಾರ, ಕೊಕ್ಕೆ ಸೇರಿ ನಮಗೆ ನೂರೈವತ್ತು ರೂಪಾಯಿಯ ಖರ್ಚು. ಎಳೆ ಹಾಸಲು ಒಂದು ಗಂಟೆ, ಸಾಲಿಗೆ ಮೂರು ನಿಮಿಷದಂತೆ ನೇಯಲು ಐದು ಗಂಟೆ, ತುದಿ ಅಡಗಿಸಿ ಅಸ್ತರಿ ಹೊಲಿಯಲು ಎರಡು ಗಂಟೆ. ಸರಳವಾದ ವಿನ್ಯಾಸಕ್ಕೂ ಎಂಟು ಗಂಟೆಗಳ ದುಡಿಮೆ. ಜಯನಗರದ ಗೃಹಿಣಿಯೊಬ್ಬರು ಗಾಜಿನ ಮಣಿಯಲ್ಲವೇ ಎಂದು ಮುನ್ನೂರು ರೂಪಾಯಿ ಹೇಳಿದರು. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಲಕ್ಷ ರೂಪಾಯಿಯನ್ನು ದಾಟಿತು. ಬಸವ ಜಯಂತಿಯೂ ಅಕ್ಷಯ ತೃತೀಯವೂ ಒಂದೇ ದಿನ ಬರುವುದರಿಂದ, ಅಂದು ಬಸವಣ್ಣನವರ ಭಾವಚಿತ್ರಕ್ಕೆ ಹೂವೇರಿಸಿ ನೇರವಾಗಿ ಚಿನ್ನದಂಗಡಿಯ ಸಾಲಿನಲ್ಲಿ ನಿಲ್ಲುವವರು ನಮ್ಮಲ್ಲೂ ಕಡಿಮೆಯೇನಲ್ಲ. ಅಲ್ಲಿ ಸವಕಳಿ, ಮಜೂರಿಗಳನ್ನು ಕೇಳಿದಷ್ಟು ಕೊಟ್ಟು ಬರುವವರೇ ಹೆಂಗಸಿನ ಎಂಟು ಗಂಟೆಗೆ ಚೌಕಾಸಿ ಮಾಡುತ್ತಾರೆ.

ಅತ್ತೆಯವರು ಒಂಬೈನೂರು ಎಂದರು. ಇನ್ನೊಬ್ಬರು ಅಮೆರಿಕದಿಂದ ಬಂದವರು, ಅಲ್ಲಿ ಇದಕ್ಕೆ ಹತ್ತು ಪಟ್ಟು ಬೆಲೆಯಿದೆ, ಎರಡು ಸಾವಿರ ತೆಗೆದುಕೊಳ್ಳಿರೆಂದು ಒತ್ತಾಯಿಸಿದಾಗಲೂ ಒಂಬೈನೂರೇ ಎಂದರು. ಗಂಡನು ಆಯ್ದು ತಂದ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಅವರು ಅಂದು ಆ ತಾಯಿಗೆ ಹೇಳಿದರು. ಕಡಿಮೆ ಕೊಡುವವರಿಗೆ ಅದೇ ಕಥೆಯನ್ನು ಹೇಗೆ ತಿರುಗಿಸಿ ಹೇಳುತ್ತೀರಿ ಎಂದು ನಾನು ಕೇಳಿದ್ದಕ್ಕೆ, "ಅವರಿಗೆ ಕಥಿ ಯಾಕ? ಪಟ್ಟಿ ಇಲ್ಲ ಅಂದ್ರ ಆತು" ಎಂದು ನಕ್ಕರು. ಬಂದ ಹಣದಲ್ಲಿ ಮುಂದಿನ ಮಣಿಗೆ ಬೇಕಾದುದನ್ನು ಎತ್ತಿಟ್ಟು, ಒಂದು ಪಾಲನ್ನು ಶ್ರಾವಣದ ದಾಸೋಹಕ್ಕೆ ತಮ್ಮ ಹೆಸರಿನಲ್ಲಿಯೇ ಬರೆಸುತ್ತಾರೆ. ಮೊದಲು ಆ ಪಟ್ಟಿಯಲ್ಲಿ ಮಾವನವರ ಹೆಸರೋ ನನ್ನ ಯಜಮಾನರ ಹೆಸರೋ ಇರುತ್ತಿತ್ತು.

ಎದುರುಮನೆಯ ಹತ್ತು ವರ್ಷದ ಹುಡುಗಿ ಈಗ ಶನಿವಾರ ಮಧ್ಯಾಹ್ನ ಕಲಿಯಲು ಬರುತ್ತಾಳೆ. ಅವಳಿಗಾಗಿ ಹಳೆಯ ಪಾದರಕ್ಷೆಯ ರಟ್ಟಿನ ಪೆಟ್ಟಿಗೆಯ ಎರಡು ಬದಿಗಳಲ್ಲಿ ಕತ್ತರಿಯಿಂದ ಕಚ್ಚು ಹಾಕಿ, ಆರು ಎಳೆ ಹಾಸಿ ಕೊಟ್ಟಿದ್ದಾರೆ. ಐದು ಮಣಿಯ ಕೈಪಟ್ಟಿಗೆ ಅಷ್ಟೇ ಮಗ್ಗ ಸಾಕು. ತೇಗದ ಮಗ್ಗದ ಮೇಲಿರುವುದು ನಾದಿನಿಯ ಮಗಳ ಮಗುವಿನ ತೊಟ್ಟಿಲಿಗೆ ಕಟ್ಟುವ ಪಟ್ಟಿ, ಮಗುವಿನ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟಬೇಕೆಂಬ ಕರಾರಿನೊಡನೆ. ಅದರಲ್ಲಿ ಎರಡು ತೇರುಗಳಿವೆ. ಮೊದಲನೆಯದರ ಗಾಲಿ ದುಂಡಗೆ ಬಂದಿದೆ, ಎರಡನೆಯದಕ್ಕೆ ಇನ್ನೂ ನಲವತ್ತು ಸಾಲು ಬಾಕಿ.